ನೀರು ಕುಡಿದ ಪೆಟ್ರೋಲು

ಹುಲ್ಲಹಳ್ಳಿಯಿಂದ ನಂಜನಗೂಡಿನ ಕಡೆಗೆ ಹೊರಟರೆ, ಮನೆಗಳು ಮುಗಿದು ಗದ್ದೆಬಯಲು ಶುರುವಾಗುವ ಜಾಗದಲ್ಲಿ, ನಾಲೆಯ ಏರಿಗೆ ಒರಗಿಕೊಂಡಂತೆ ಒಂದು ಪೆಟ್ರೋಲ್ ಬಂಕು ಇತ್ತು. ಬೋರ್ಡಿನ ಮೇಲೆ ಕಂಪನಿಯ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಗಂಗಾಧರಸ್ವಾಮಿಯ ಹೆಸರು. ಆದರೆ ಸುತ್ತಲ ಹಳ್ಳಿಯವರು ಯಾರೂ ಆ ಬೋರ್ಡು ಓದಿದವರಲ್ಲ. ಅವರ ಬಾಯಲ್ಲಿ ಅದು ಗುರುಬಸಮ್ಮನ ಬಂಕು.

ಗಂಗಾಧರಸ್ವಾಮಿ ತೀರಿಕೊಂಡದ್ದು ತೊಂಬತ್ತಮೂರರಲ್ಲಿ. ಮಧ್ಯಾಹ್ನ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತಿದ್ದವನು ಎದೆ ಒತ್ತಿಕೊಂಡು ಗೋಡೆಗೆ ಒರಗಿದ. ಯಾರೋ ಓಡಿಹೋಗಿ ಕಾರು ತರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಶಿವಗಣಾರಾಧನೆ ಆದ ಮಾರನೆಯ ದಿನ ಅವನ ತಮ್ಮ ಬಂದು ಜಗಲಿಯ ಮೇಲೆ ಕೂತ.

"ಅತ್ತಿಗೆ, ಬಂಕು ನಾನು ನೋಡ್ಕತೀನಿ. ಲಾರಿಯೋರು, ಟ್ರ್ಯಾಕ್ಟ್ರೋರು, ಕುಡುದ್ ಬರೋರು... ಎಂಗಸ್ರು ಕೂರೋ ಜಾಗ ಅಲ್ಲ ಅದು."

"ಬ್ಯಾಡ ಕಣಪ್ಪ," ಎಂದಳು ಗುರುಬಸಮ್ಮ. "ನಾನೇ ಕೂತ್ಕತೀನಿ. ಆಗ್ದೇ ಓದ್ರೆ ನಿಂಗೇ ಏಳಿ ಕಳುಸ್ತೀನಿ."

ಹೇಳಿ ಕಳುಹಿಸುವ ಪ್ರಮೇಯ ಬರಲಿಲ್ಲ. ತಿ. ನರಸೀಪುರದಲ್ಲಿ ಹುಟ್ಟಿ ಅಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಗುರುಬಸಮ್ಮನಿಗೆ ಓದುಬರಹ, ಲೆಕ್ಕ ಬರುತ್ತಿತ್ತು. ಉಳಿದದ್ದನ್ನು ನೋಡಿ ಕಲಿತಳು. ಬೆಳಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂಕಿಗೆ ಬಂದರೆ ಮೊದಲ ಕೆಲಸ ನೆಲದೊಳಗಿನ ಟ್ಯಾಂಕಿನ ಬಾಯಿ ತೆಗೆದು ಉದ್ದನೆಯ ಡಿಪ್ ರಾಡು ಇಳಿಸುವುದು. ರಾಡಿನ ತುದಿಗೆ ಒಂದು ಬಗೆಯ ಪೇಸ್ಟು ಸವರುತ್ತಿದ್ದರು. ಟ್ಯಾಂಕಿನ ತಳದಲ್ಲಿ ನೀರಿದ್ದರೆ ಅದು ಕೆಂಪಗಾಗುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಮೊಣಕಾಲೂರಿ ರಾಡು ಇಳಿಸುವ ಹೆಂಗಸನ್ನು ನೋಡಲು ಎದುರಿನ ಟೀ ಹೋಟೆಲಿನಲ್ಲಿ ಮೊದಮೊದಲು ಜನ ಸೇರುತ್ತಿದ್ದರು. ಆಮೇಲೆ ಅವರಿಗೇ ಬೇಸರವಾಯಿತು.

ಎರಡು ವರ್ಷ ಕಳೆದ ಮೇಲೆ ಆಕೆ ಪಂಪಿಗೂ ಒಬ್ಬ ಹೆಂಗಸನ್ನೇ ತಂದಳು. ಜವರಮ್ಮ ಎಂದು, ಕೂಲಿ ಮಾಡಿಕೊಂಡಿದ್ದ ಒಂಟಿ ಹೆಂಗಸು. ಗಟ್ಟಿ ಆಳು, ಗಟ್ಟಿ ಗಂಟಲು. ಪೈಪು ಹಿಡಿದು ನಿಂತರೆ ಅಡ್ಡ ಮಾತಾಡಲು ಲಾರಿ ಡ್ರೈವರುಗಳೂ ಹಿಂಜರಿಯುತ್ತಿದ್ದರು.

ಆ ಕಾಲಕ್ಕೆ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದು ಸಾಮಾನ್ಯವಾಗಿತ್ತು. ಡ್ರಮ್ಮುಗಟ್ಟಲೆ ಸೀಮೆಎಣ್ಣೆ ತಂದುಕೊಡುತ್ತೇನೆಂದು ಒಬ್ಬ ಇವಳ ಬಳಿಗೂ ಬಂದಿದ್ದ. ಗುರುಬಸಮ್ಮ ಅವನಿಗೆ ನೀರು ಕೊಟ್ಟು, "ಕುಡ್ಕೊಂಡು ಒಂಟೋಗಪ್ಪ, ಇನ್ನೊಂದ್ ಸಲ ಈ ಕಡೆ ಬರಬ್ಯಾಡ," ಎಂದಳು. ಈ ಮಾತು ಹೇಗೋ ಊರಿನಲ್ಲಿ ಹರಡಿತು. ನಂಜನಗೂಡಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ವ್ಯಾಸರಾಜರು ಸಹ, ಹುಲ್ಲಹಳ್ಳಿಯ ಅಕ್ಕನ ಮನೆಗೆ ಬಂದಾಗಲೆಲ್ಲ ಸ್ಕೂಟರಿಗೆ ಇಲ್ಲೇ ಹಾಕಿಸಿಕೊಂಡು ಹೋಗುತ್ತಿದ್ದರು. "ಶುದ್ಧ ಸರಕು ಸಿಗೋದು ನಿಮ್ಮಲ್ಲೇ ಕಣ್ರೀ," ಎನ್ನುತ್ತಿದ್ದರು. ಕೈ ಶುದ್ಧವಿದ್ದರೆ ಸರಕು ಶುದ್ಧವಿರುತ್ತದೆ ಎಂದು ಗುರುಬಸಮ್ಮನೂ ನಂಬಿಕೊಂಡಿದ್ದಳು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಕಂಪನಿಯವರು ಬಂಕಿನವರನ್ನೆಲ್ಲ ಮೈಸೂರಿನ ಒಂದು ಹೋಟೆಲಿಗೆ ಕರೆಸಿದರು. ಇನ್ನು ಮೇಲೆ ಪೆಟ್ರೋಲಿನಲ್ಲಿ ನೂರಕ್ಕೆ ಐದು ಪಾಲು ಎಥೆನಾಲ್ ಇರುತ್ತದೆ, ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು ಅದು, ಎಂದು ಅಧಿಕಾರಿ ಪರದೆಯ ಮೇಲೆ ಚಿತ್ರ ಹಾಕಿ ವಿವರಿಸಿದರು. ಟ್ಯಾಂಕಿನಲ್ಲಿ ತೊಟ್ಟು ನೀರೂ ಇರಬಾರದು ಎಂದು ಒತ್ತಿ ಒತ್ತಿ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಗುರುಬಸಮ್ಮ ಎದ್ದು ನಿಂತಳು.

"ಸಾ, ನಮ್ಮದು ಸಣ್ಣ ಊರು. ಒಂದ್ ಲೋಡು ಖರ್ಚಾಗೋಕೆ ತಿಂಗ್ಳು ಹಿಡಿತದೆ. ಈ ಪೆಟ್ರೋಲ ಎಷ್ಟು ದಿನ ಮಡಗ್ಬೋದು?"

"ನೀರು ಮುಟ್ಟದ ಹಾಗೆ ಇಟ್ಟರೆ ತಿಂಗಳುಗಟ್ಟಲೆ ಇಡಬಹುದಮ್ಮ," ಎಂದರು ಅಧಿಕಾರಿ. "ನೀರು ಸೇರಿತು ಅಂದ್ರೆ ಕೆಡೋದಕ್ಕೆ ಒಂದು ಬೆಳಗ್ಗೆ ಸಾಕು."

ಎಲ್ಲರೂ ನಕ್ಕರು. ಗುರುಬಸಮ್ಮನೂ ನಕ್ಕಳು.

ಆ ವರ್ಷ ಮಳೆಯಿರಲಿಲ್ಲ. ನಾಲೆ ಒಣಗಿ ಬಿರುಕು ಬಿಟ್ಟಿತ್ತು. ಹೊಸ ಪೆಟ್ರೋಲು ಬಂತು, ಯಾವ ತೊಂದರೆಯೂ ಇಲ್ಲದೆ ಖರ್ಚಾಯಿತು. ಕಬ್ಬು ಬೆಳೆಯುವ ಗೌಡರುಗಳು ಬೈಕಿನ ಟ್ಯಾಂಕು ತಟ್ಟಿ, "ನಮ್ ಕಬ್ಬೇ ಕಣ್ಲಾ ಇದ್ರೊಳಗೆ ಓಡ್ತಿರೋದು," ಎಂದು ಬೀಗಿದರು. "ಅಂಗಾರೆ ಇನ್ಮೇಲೆ ಗಾಡಿಗೂ ಅಮಲು ಏರ್ತದೆ ಬಿಡಿ," ಎಂದು ಜವರಮ್ಮ ನಗಿಸಿದಳು. ಆಮೇಲೆ ಸ್ಪಿರಿಟ್ಟು ಸಾಕಷ್ಟು ಸಿಗುತ್ತಿಲ್ಲವೆಂದು ಬೆರೆಸುವುದೇ ನಿಂತುಹೋಯಿತು. ಮತ್ತೆ ಹಳೆಯ ಪೆಟ್ರೋಲೇ ಬಂತು.

ಮಳೆ ಬಂದದ್ದು ಆಮೇಲೆ. ಕಬಿನಿ ತುಂಬಿತು, ನಾಲೆಗೆ ನೀರು ಬಿಟ್ಟರು, ಬಂಕಿನ ಹಿಂದಿನ ಗದ್ದೆಗಳೆಲ್ಲ ಕೆರೆಯಂತಾದವು. ಗಂಗಾಧರಸ್ವಾಮಿ ಟ್ಯಾಂಕು ಹೂಳಿಸಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ನೆಲ ನೀರು ಕುಡಿದು ಉಬ್ಬಿದಾಗ ಅದರಲ್ಲಿ ಸ್ವಲ್ಪ ಒಳಕ್ಕೂ ಜಿನುಗತೊಡಗಿತು. ಬೆಳಗ್ಗೆ ರಾಡು ಎತ್ತಿದರೆ ತುದಿ ಕೆಂಪು. ಅದೇನೂ ದೊಡ್ಡ ತಲೆನೋವಾಗಿರಲಿಲ್ಲ. ಹಳೆಯ ಪೆಟ್ರೋಲು ನೀರಿನೊಂದಿಗೆ ಬೆರೆಯುವುದಿಲ್ಲ; ಮೇಲೆ ಪೆಟ್ರೋಲು, ಅಡಿಯಲ್ಲಿ ನೀರು. ಜವರಮ್ಮ ಕೈಪಂಪಿನಲ್ಲಿ ಆ ನೀರನ್ನು ಸೆಳೆದು ಚೆಲ್ಲುತ್ತಿದ್ದಳು, ಅಷ್ಟೆ.

ಗುರುಬಸಮ್ಮ ಕಂಪನಿಯವರ ಕಿವಿಗೆ ಒಮ್ಮೆ ಈ ವಿಷಯ ಹಾಕಿದಳು. ಟ್ಯಾಂಕು ತೆಗೆಸಬೇಕೆಂದರೆ ಬಂಕು ತಿಂಗಳುಗಟ್ಟಲೆ ಮುಚ್ಚಬೇಕಾಗುತ್ತದೆ ಎಂದರು ಅವರು. ಮುಚ್ಚುವ ಮಾತು ಆಕೆಗೆ ಒಪ್ಪಿಗೆಯಾಗಲಿಲ್ಲ. ಗಂಡ ಹೋದ ಮೇಲೆ ಒಂದು ದಿನವೂ ಮುಚ್ಚದ ಬಂಕು. "ಇನ್ನೊಂದು ಮಳೆಗಾಲ ನೋಡಾನ," ಎಂದುಕೊಂಡಳು. ಕಂಪನಿಯವರೂ ಮರೆತರು.

ಎರಡು ಸಾವಿರದ ಆರರ ಕೊನೆಗೆ ಸ್ಪಿರಿಟ್ ಬೆರೆತ ಪೆಟ್ರೋಲು ಮತ್ತೆ ಬಂತು. ಬೇಸಿಗೆ ದಾಟಿತು. ಆಷಾಢದಲ್ಲಿ ನಾಲೆಗೆ ನೀರು ಬಿಟ್ಟರು. ಗುರುಬಸಮ್ಮ ಭಯದಿಂದಲೇ ದಿನಾ ರಾಡು ಇಳಿಸಿ ನೋಡಿದಳು. ಪೇಸ್ಟು ಕೆಂಪಾಗಲಿಲ್ಲ. ಮರುದಿನವೂ ಇಲ್ಲ. ವಾರವಾದರೂ ಇಲ್ಲ.

"ನೋಡ್ದ ಜವರಮ್ಮ," ಎಂದಳು ಆಕೆ, ಕಣ್ಣರಳಿಸಿ. "ನಾಲೆ ತುಂಬ ನೀರದೆ, ಟ್ಯಾಂಕಲ್ಲಿ ಒಂದ್ ತೊಟ್ಟಿಲ್ಲ. ತೂತು ತಾನೇ ಮುಚ್ಕೊಂಡದೆ. ನಂಜುಂಡಪ್ಪ ಕಣ್ಬುಟ್ಟ."

"ಕೈಪಂಪು ಒಡ್ದೂ ಒಡ್ದೂ ನನ್ ರಟ್ಟೆ ಬಿದ್ದೋಗಿತ್ತು ಅಮ್ಮೋರೆ. ಒಳ್ಳೇದೇ ಆಯ್ತು," ಎಂದಳು ಜವರಮ್ಮ. ಆ ಸೋಮವಾರ ಇಬ್ಬರೂ ನಂಜನಗೂಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು.

ತೂತು ಮುಚ್ಚಿರಲಿಲ್ಲ. ಜಿನುಗಿದ ನೀರನ್ನು ಸ್ಪಿರಿಟ್ಟು ಹನಿಹನಿಯಾಗಿ ಕುಡಿದು ತನ್ನೊಳಗೆ ಅಡಗಿಸಿಕೊಳ್ಳುತ್ತಿತ್ತು. ಶ್ರಾವಣದಲ್ಲಿ ಎಡೆಬಿಡದೆ ಮಳೆ ಹಿಡಿದು, ಜನ ಗಾಡಿ ಹೊರಗೆ ತೆಗೆಯುವುದು ಕಡಿಮೆಯಾಗಿ, ಪೆಟ್ರೋಲು ನಿಂತಲ್ಲೇ ನಿಂತಿತು. ನಿಂತಷ್ಟೂ ಕುಡಿಯಿತು.

ಆ ಬೆಳಗ್ಗೆ ಚಳಿ ಮೈ ಕೊರೆಯುವಂತಿತ್ತು. ಮಳೆ ಆಗಷ್ಟೇ ಬಿಟ್ಟಿತ್ತು. ಗುರುಬಸಮ್ಮ ರಾಡು ನೋಡಿ ಎದ್ದಳು. ಪೇಸ್ಟಿನ ತುದಿಯಲ್ಲಿ ಬಣ್ಣ ಕೊಂಚ ಮಾಸಿದ ಹಾಗಿತ್ತು, ಕೆಂಪೇನೂ ಅಲ್ಲ. ಹಳೆಯ ಪೇಸ್ಟಿರಬೇಕು ಎಂದುಕೊಳ್ಳುವಷ್ಟರಲ್ಲಿ ಶಿವರಾಜುವಿನ ಮಾರುತಿ ವ್ಯಾನು ಹಾರನ್ ಹೊಡೆಯುತ್ತ ಬಂದು ನಿಂತಿತು.

ಶಿವರಾಜು ಹುಲ್ಲಹಳ್ಳಿಯವನೇ. ಮದುವೆಮುಂಜಿಗೆ, ಆಸ್ಪತ್ರೆಗೆ ಬಾಡಿಗೆಗೆ ವ್ಯಾನು ಓಡಿಸುತ್ತಿದ್ದ. ಈ ಸಲ ಒಳಗಿದ್ದದ್ದು ಅವನ ತಂಗಿ ನಯನ. ಹೆಮ್ಮರಗಾಲಕ್ಕೆ ಕೊಟ್ಟಿದ್ದ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಪುಟ್ಟಮಾದಮ್ಮನ ತೋಳು ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು ಕೂತಿದ್ದಳು.

"ಬಿರ್ನೆ ಆಕಿ ಅಮ್ಮೋರೆ, ನೋವು ಶುರುವಾಗದೆ. ನಂಜನಗೂಡ್ಗೆ ಓಗ್ಬೇಕು," ಎಂದ ಶಿವರಾಜು. ವ್ಯಾನಿನಲ್ಲಿ ಪೆಟ್ರೋಲು ತಳ ಕಂಡಿತ್ತು.

ಜವರಮ್ಮ ಪೈಪು ಇಟ್ಟಳು. ಗುರುಬಸಮ್ಮ ಕಿಟಕಿಯ ಬಳಿ ಬಂದು ನಯನಳ ತಲೆ ನೇವರಿಸಿದಳು. "ಎದ್ರುಕಬ್ಯಾಡ ಕಣವ್ವ. ಅರ್ಧ ಗಂಟೇಲಿ ಆಸ್ಪತ್ರೆ ಸೇರ್ಕತೀಯ. ಸುಖವಾಗಾಯ್ತದೆ."

ವ್ಯಾನು ಹೋಯಿತು. ಅದರ ಹಿಂದೆ ಎರಡು ಬೈಕು, ಆಮೇಲೆ ವ್ಯಾಸರಾಜರ ಸ್ಕೂಟರು, ಎಲ್ಲರೂ ಹಾಕಿಸಿಕೊಂಡು ಹೊರಟರು. ಗುರುಬಸಮ್ಮ ಕೋಣೆಗೆ ಹೋಗಿ ಕಾಫಿ ಬಗ್ಗಿಸಿಕೊಂಡಳು. ಲೋಟ ಖಾಲಿಯಾಗುವ ಮೊದಲೇ ಮೊದಲ ಬೈಕಿನವನು ಗಾಡಿ ತಳ್ಳಿಕೊಂಡು ವಾಪಸು ಬಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಪಂಚೆ ಎತ್ತಿ ಕಟ್ಟಿ, ಬೆವರುತ್ತ, ಸ್ಕೂಟರು ತಳ್ಳಿಕೊಂಡು ವ್ಯಾಸರಾಜರು.

ಆಕೆಗೆ ಮೊದಲು ನೆನಪಾದದ್ದು ನಯನ.

"ವ್ಯಾನು... ಮುಂದೆ ಓಯ್ತಲ್ಲ, ವ್ಯಾನು... ನೋಡಿದ್ರಾ?" ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ಜವರಮ್ಮನ ಕೈಯಿಂದ ಪೈಪು ಕಿತ್ತುಕೊಂಡು ಕೊಂಡಿಗೆ ಸಿಕ್ಕಿಸಿದಳು. "ಇನ್ ಒಂದ್ ತೊಟ್ಟೂ ಆಕಬ್ಯಾಡ ಯಾರ್ಗೂ," ಎಂದು ರಸ್ತೆಗೆ ಓಡಿದಳು. ದೂರದವರೆಗೂ ರಸ್ತೆ ಖಾಲಿ. ಎದುರು ಹೋಟೆಲಿನವನ ಬೈಕಿನಲ್ಲಿ ಹಿಂದಿನ ವಾರ ಹಾಕಿಸಿದ್ದ ಪೆಟ್ರೋಲಿತ್ತು. ಅವನನ್ನು ಬೇಡಿಕೊಂಡು ನಂಜನಗೂಡಿನ ಕಡೆ ಅಟ್ಟಿದಳು.

ಎರಡು ಗಂಟೆ ಕಳೆದ ಮೇಲೆ ಅದೇ ಬೈಕಿನ ಹಿಂದೆ ಕೂತು ಶಿವರಾಜು ಬಂದ. ಗಾಡಿ ನಿಲ್ಲುವ ಮೊದಲೇ ಧುಮುಕಿದ. ಕಣ್ಣು ಕೆಂಡವಾಗಿತ್ತು.

ವ್ಯಾನು ನಟ್ಟನಡು ಬಯಲಿನಲ್ಲಿ ಕೆಮ್ಮಿ, ಜಗ್ಗಿ, ನಿಂತುಬಿಟ್ಟಿತ್ತು. ಎಷ್ಟು ಒದ್ದಾಡಿದರೂ ಮತ್ತೆ ಸ್ಟಾರ್ಟಾಗಲಿಲ್ಲ. ನಾಟಿಗೆ ಪೈರಿನ ಕಟ್ಟು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರೊಂದು ಸಿಕ್ಕಿತು. ನಾಟಿಯ ಹೆಂಗಸರು ಪೈರನ್ನೆಲ್ಲ ರಸ್ತೆ ಬದಿಗೆ ಎಸೆದು, ತಮ್ಮ ಗೋಣಿಕೊಪ್ಪೆಗಳನ್ನು ಟ್ರೈಲರಿನಲ್ಲಿ ಹಾಸಿ, ನಯನಳನ್ನು ಎತ್ತಿ ಮಲಗಿಸಿದರು. ಅವರಲ್ಲಿ ಇಬ್ಬರು ಜೊತೆಗೇ ಹತ್ತಿಕೊಂಡರು. ಆಸ್ಪತ್ರೆ ಮುಟ್ಟುವವರೆಗೆ ಕೂಸು ಕಾಯಲಿಲ್ಲ. ನಂಜನಗೂಡಿನ ಮೊದಲ ತಿರುವಿನಲ್ಲೇ, ಟ್ರೈಲರಿನ ಮೇಲೆಯೇ ಹುಟ್ಟಿತು. ಹುಟ್ಟಿದ್ದು ಅಳಲಿಲ್ಲ.

"ಅಳ್ನಿಲ್ಲ ಕಣಮ್ಮೋ!" ಎಂದು ಚೀರಿದ ಶಿವರಾಜು. "ಕೂಸು ನೀಲಿಗಟ್ಟೋಗಿತ್ತು. ಡಾಕ್ಟ್ರು ಏನೇನೋ ಮಾಡಿ ಮೈಸೂರ್ಗೆ ಕಳ್ಸವ್ರೆ. ಬದುಕ್ತದೋ ಇಲ್ವೋ ಗೊತ್ತಿಲ್ಲ. ಎಂತಾ ಪೆಟ್ರೋಲ್ ಆಕ್ದೆ ನನ್ ಗಾಡಿಗೆ? ಅಮ್ಮೋರು ಅಮ್ಮೋರು ಅಂತಿದ್ವಲ್ಲ ನಾವು!"

ಅಷ್ಟರಲ್ಲಿ ಜನ ಜಮಾಯಿಸಿದ್ದರು. ಗಾಡಿ ನಿಂತವರು, ಟೀ ಕುಡಿಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು.

ಅದೇ ಹೊತ್ತಿಗೆ, ಮುಂದಿನ ಊರಿಗೆ ಲೋಡು ಒಯ್ಯುತ್ತಿದ್ದ ಟ್ಯಾಂಕರೊಂದು ಹೋಟೆಲಿನ ಮುಂದೆ ಬಂದು ನಿಂತಿತು. ಡ್ರೈವರು ಮದನ್, ಮೀಸೆ ಈಗಷ್ಟೇ ಬಲಿಯುತ್ತಿದ್ದ ಹುಡುಗ. ಗುರುಬಸಮ್ಮನ ಬಂಕಿಗೆ ಕಳೆದ ಸಲ ಲೋಡು ತಂದವನೂ ಅವನೇ. ಟೀಗೆಂದು ಕೆಳಗಿಳಿದವನ ಕಡೆ ಯಾರೋ ಬೆರಳು ತೋರಿಸಿದರು.

"ಅಗಾ, ಅವ್ನೇ ಕಣ್ರಲಾ! ದಾರೀಲಿ ಪೆಟ್ರೋಲ್ ಮಾರ್ಕೊಂಡು ನೀರ್ ತುಂಬುಸ್ತಾರೆ ಇವ್ರು!"

ಆಮೇಲೆ ಯಾರ ಕೈ ಯಾರದೆಂದು ತಿಳಿಯದಂತಾಯಿತು. ಮದನನ ಅಂಗಿ ಹರಿಯಿತು. ಅವನನ್ನು ಟ್ಯಾಂಕರಿನ ಚಕ್ರಕ್ಕೆ ಒತ್ತಿ ಹಿಡಿದರು. "ನಾನೇನೂ ಮಾಡ್ಲಿಲ್ಲ ಸಾ, ನಮ್ಮಪ್ಪನಾಣೆ," ಎಂದು ಅವನು ಕೈ ಮುಗಿಯುತ್ತಿದ್ದ. ಶಿವರಾಜು ಅವನ ಕೊರಳಪಟ್ಟಿ ಹಿಡಿದು ಕೈ ಎತ್ತಿದ್ದ.

ಆಗ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗುರುಬಸಮ್ಮ ಒಂದು ಮಾತೂ ಆಡಬೇಕಿರಲಿಲ್ಲ. ಊರಿನ ಸಿಟ್ಟೆಲ್ಲ ಆ ಪರವೂರ ಹುಡುಗನ ತಲೆಯ ಮೇಲೆ ಇಳಿಯಲು ಸಿದ್ಧವಾಗಿತ್ತು. ಆಕೆಯ ಮನಸ್ಸು ಒಂದು ಗಳಿಗೆ ಅದನ್ನು ಬಯಸಿತು ಕೂಡ. ಆದರೆ ಮದನ್ ತಂದ ಲೋಡಿನ ಮಾದರಿ, ಕಂಪನಿಯ ನಿಯಮದಂತೆ ಇಳಿಸುವ ಮೊದಲೇ ಸೀಸೆಗೆ ತೆಗೆದು ಮುಚ್ಚಳ ಬಿಗಿದದ್ದು, ಕೋಣೆಯ ಬೀರುವಿನಲ್ಲಿತ್ತು. ಆಕೆ ಒಳಗೆ ಹೋಗಿ ಅದನ್ನು ತಂದಳು. ಜವರಮ್ಮನಿಗೆ ಕೈಪಂಪು ಇಳಿಸಲು ಹೇಳಿ, ಟ್ಯಾಂಕಿನ ತಳದಿಂದ ಒಂದು ಗಾಜಿನ ಜಾಡಿಯ ತುಂಬ ಎತ್ತಿಸಿದಳು.

"ಬುಡಿ ಅವ್ನ!" ಎಂದು ಕೂಗಿದಳು. ಆ ದನಿ ತನ್ನದೇ ಎಂದು ಆಕೆಗೇ ಅನಿಸಲಿಲ್ಲ. "ಮೊದ್ಲು ಇಲ್ ಬಂದು ಇದ ನೋಡಿ. ಆಮೇಲೆ ಯಾರ್ಗೆ ಒಡೀಬೇಕೋ ಒಡೀರಿ."

ಮದನನ ಲೋಡಿನ ಮಾದರಿಯನ್ನು ಇನ್ನೊಂದು ಗಾಜಿನ ಜಾಡಿಗೆ ಬಗ್ಗಿಸಿದಳು. ತಿಳಿಯಾಗಿತ್ತು, ಆಚೆ ಬದಿಯ ಬೆರಳು ಕಾಣುವಷ್ಟು. ತಳದಿಂದ ಎತ್ತಿದ್ದರಲ್ಲಿ ಮಾತ್ರ ಎರಡು ಪದರ. ಮೇಲೆ ತೆಳ್ಳಗೆ ಪೆಟ್ರೋಲು, ಕೆಳಗೆ ಅಕ್ಕಿ ತೊಳೆದ ನೀರಿನಂಥ ಮಸುಕು. ಅರ್ಧಕ್ಕಿಂತ ಹೆಚ್ಚು ಅದೇ.

ವ್ಯಾಸರಾಜರು ಜಾಡಿಯನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಮೂಸಿ ನೋಡಿದರು.

"ಇದು ಬರೀ ನೀರಲ್ಲ," ಎಂದರು. "ಸ್ಪಿರಿಟ್ಟಿಗೆ ಪೆಟ್ರೋಲಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಸ್ವಲ್ಪ ನೀರು ಸೇರಿದ್ರೆ ಕುಡ್ಕೊಂಡು ಸುಮ್ಮನಿರುತ್ತೆ, ಕಣ್ಣಿಗೆ ಕಾಣೋದೇ ಇಲ್ಲ. ಮಿತಿ ಮೀರಿದಾಗ, ಇವತ್ತಿನ ಹಾಗೆ ಥಂಡಿಯಾದಾಗ, ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತೆ. ನಿಮ್ಮ ಪಂಪು ಎಳೆಯೋದು ತಳದ ಹತ್ತಿರದಿಂದ ತಾನೆ? ಇದನ್ನೇ ಎಳೆದಿದೆ. ಗುರುಬಸಮ್ಮನವರೇ, ನಿಮ್ಮ ಟ್ಯಾಂಕಿಗೆ ನೀರು ಎಲ್ಲಿಂದ ಬಂತು?"

ಎಲ್ಲರೂ ಆಕೆಯ ಕಡೆ ತಿರುಗಿದರು.

"ನಾಲೆಯಿಂದ," ಎಂದಳು ಗುರುಬಸಮ್ಮ. "ಎರಡು ವರ್ಷದಿಂದ ಜಿನುಗ್ತಿತ್ತು. ನಂಗೆ ಗೊತ್ತಿತ್ತು. ಈ ಸಲ ನೀರು ಕಾಣ್ನಿಲ್ಲ, ನಿಂತೋಯ್ತು ಅನ್ಕಂಡೆ. ಬಂಕು ಮುಚ್ಬೇಕಾಯ್ತದೆ ಅಂತ ರಿಪೇರಿ ಮಾಡುಸ್ನಿಲ್ಲ. ಈ ಉಡುಗುಂದು ಏನೂ ತಪ್ಪಿಲ್ಲ. ಅವ್ನು ತಂದದ್ದು ಚೆನ್ನಾಗೇ ಇತ್ತು, ನೋಡಿ."

ಶಿವರಾಜುವಿನ ಕೈ ಮದನನ ಕೊರಳಪಟ್ಟಿಯಿಂದ ಜಾರಿತು. ಅವನು ಗುರುಬಸಮ್ಮನ ಎದುರಿಗೆ ಬಂದು ನಿಂತ. ಹೊಡೆದೇಬಿಡುತ್ತಾನೆ ಎಂದು ಜವರಮ್ಮ ಅಡ್ಡ ಬಂದಳು. ಅವನು ಹೊಡೆಯಲಿಲ್ಲ. ಕೆಳಗೆ ಉಗಿದು, "ಸೀಮೆಎಣ್ಣೆ ಬೆರ್ಸಿದ್ರೂ ಗಾಡಿ ಓಡ್ತಿತ್ತು," ಎಂದು ಹೇಳಿ, ಬಂದ ಬೈಕಿನಲ್ಲೇ ವಾಪಸು ಹೋದ.

ಆ ಮಾತು ಗುರುಬಸಮ್ಮನ ಎದೆಯಲ್ಲಿ ಬಹಳ ಕಾಲ ಉಳಿಯಿತು.

ಮಧ್ಯಾಹ್ನ ಆಕೆ ಬಸ್ಸು ಹತ್ತಿ ನಂಜನಗೂಡಿನ ಆಸ್ಪತ್ರೆಗೆ ಹೋದಳು. ಫ್ಲಾಸ್ಕಿನಲ್ಲಿ ಬಿಸಿ ಗಂಜಿ ಇತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪುಟ್ಟಮಾದಮ್ಮ ಗೋಡೆ ದಿಟ್ಟಿಸುತ್ತ ಕೂತಿದ್ದಳು. ಸೀರೆಯ ಅಂಚಿನಲ್ಲಿ ಗದ್ದೆಯ ಕೆಸರು ಒಣಗಿತ್ತು.

"ಯಾಕ್ ಬಂದ್ರಿ?"

"ನೋಡೋಕೆ ಬಂದೆ ಕಣಕ್ಕ."

"ಕೂಸು ಇಲ್ಲಿಲ್ಲ. ಸುದ್ದಿ ಕೇಳಿ ಓಡ್ಬಂದ ಅಳಿಮಯ್ಯ ಮೈಸೂರ್ಗೆ ಎತ್ಕಂಡೋಗವ್ನೆ. ನನ್ ಮಗ್ಳು ಒಳಗವ್ಳೆ, ಗ್ಯಾನ ಇಲ್ದಂಗ್ ಮಲ್ಗವ್ಳೆ. ನಿಮ್ಮ ನೋಡೋ ಸ್ಥಿತೀಲಿ ಯಾರೂ ಇಲ್ಲ."

ಗುರುಬಸಮ್ಮ ಫ್ಲಾಸ್ಕನ್ನು ಚಾಚಿದಳು. ಪುಟ್ಟಮಾದಮ್ಮ ಮುಖ ತಿರುಗಿಸಿದಳು. ಆಕೆ ಅದನ್ನು ಬೆಂಚಿನ ಕೆಳಗಿಟ್ಟು, ಬೆಂಚಿನ ಆ ತುದಿಯಲ್ಲಿ ಕೂತಳು. ಹೋಗಿ ಎಂದು ಪುಟ್ಟಮಾದಮ್ಮ ಹೇಳಲಿಲ್ಲ. ಇರಿ ಎಂದೂ ಹೇಳಲಿಲ್ಲ. ಸಂಜೆ ಕೊನೆಯ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಹಾಗೇ ಇದ್ದರು. ನಡುವೆ ಒಮ್ಮೆ ನರ್ಸು ಬಂದು, ಕೂಸು ಮೈಸೂರು ಮುಟ್ಟಿದೆ, ಉಸಿರಾಡುತ್ತಿದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ ಎಂದಾಗ, ಇಬ್ಬರೂ ಒಟ್ಟಿಗೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೂಸು ಬದುಕಿತು. ಹೆಣ್ಣು. ಮಳೆ ನಿಲ್ಲುವ ಹೊತ್ತಿಗೆ ತಾಯಿಯ ಮಡಿಲು ಸೇರಿತು.

ಕಂಪನಿಯ ಅಧಿಕಾರಿ ಬಂದು ಬಂಕಿಗೆ ಬೀಗ ಹಾಕಿಸಿದರು. ಟ್ಯಾಂಕು ತೆಗೆಸಿ ಹೊಸದು ಹೂಳುವವರೆಗೆ ಮಾರಾಟವಿಲ್ಲ. "ನೀವು ಅಷ್ಟು ಜನರ ಮುಂದೆ ಹಾಗೆ ಒಪ್ಪಿಕೊಳ್ಳಬಾರದಿತ್ತಮ್ಮ," ಎಂದರು, ಮೆಲ್ಲಗೆ. "ವಿಚಾರಣೆ ಆಗೋವರೆಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು."

"ಅಷ್ಟೊತ್ಗೆ ಆ ಉಡುಗನ ಕೈಕಾಲು ಮುರುದಾಕಿರೋರು ಸಾ," ಎಂದಳು ಗುರುಬಸಮ್ಮ.

ಮುಚ್ಚಿದ ಬಂಕಿನಲ್ಲಿ ಕೂತು ರಸ್ತೆ ನೋಡುವುದು ಆಕೆಯಿಂದಾಗಲಿಲ್ಲ. ಒಂದು ದಿನ ಜವರಮ್ಮನನ್ನು ಕರೆದುಕೊಂಡು ತಿ. ನರಸೀಪುರಕ್ಕೆ ಹೋದಳು. ತವರಿಗಲ್ಲ. ಹೊಳೆಗಳು ಕೂಡುವ ಆ ಊರಿನಲ್ಲಿ, ನದಿಗೆ ಸಮೀಪದಲ್ಲೇ ಒಂದು ಬಂಕು ಇದೆಯೆಂದು ಗೊತ್ತಿತ್ತು. ಪ್ರವಾಹ ಬಂದಾಗ ಅಂಗಳದವರೆಗೂ ನೀರು ಬರುವ ಜಾಗ ಅದು. ಅಲ್ಲಿ ಪೆಟ್ರೋಲು ಕೆಡದ ಹಾಗೆ ಹೇಗೆ ಇಡುತ್ತಾರೆ ಎಂಬುದು ಆಕೆಯ ಪ್ರಶ್ನೆ. ಬಂಕಿನ ಯಜಮಾನರು ವಯಸ್ಸಾದವರು, ಮಾತಿನ ಹುರುಪಿನವರು. ಒಂದೊಂದನ್ನೂ ತೆರೆದು ತೋರಿಸಿದರು. ಟ್ಯಾಂಕನ್ನು ಸಿಮೆಂಟಿನ ತೊಟ್ಟಿಯೊಳಗೆ ಕೂರಿಸಿದ್ದರು. ಅದರ ಬಾಯಿಯನ್ನು ನೆಲಮಟ್ಟಕ್ಕಿಂತ ಮೊಣಕಾಲೆತ್ತರಕ್ಕೆ ಏರಿಸಿ, ಎರಡು ಮುಚ್ಚಳ ಹಾಕಿ, ನಡುವೆ ದಪ್ಪ ರಬ್ಬರು ಕೊಟ್ಟಿದ್ದರು. ಸ್ಪಿರಿಟ್ ಬೆರೆತ ನೀರನ್ನೂ ಹಿಡಿಯುವ ಹೊಸ ಪೇಸ್ಟು ತರಿಸಿದ್ದರು.

"ಎಲ್ಲಕ್ಕಿಂತ ದೊಡ್ಡದು ಇದು ಕಣವ್ವ," ಎಂದರು ಕೊನೆಗೆ. "ಮನೇಲಿ ಮೊಸರು ಮಡಗ್ದಂಗೆ ಮಡಗ್ಬೇಕು ಇದ. ತಂದದ್ದು ತಂದಂಗೇ ಖರ್ಚಾಗ್ಬೇಕು. ಕಣಜ ತುಂಬ್ದಂಗೆ ತುಂಬ್ಕಂಡು ಕೂರೋ ಕಾಲ ಓಯ್ತು."

ಗುರುಬಸಮ್ಮ ಎಲ್ಲವನ್ನೂ ಹಾಗೆಯೇ ಮಾಡಿಸಿದಳು. ನೆಲ ಅಗೆದು ಹಳೆಯ ಟ್ಯಾಂಕನ್ನು ಮೇಲಕ್ಕೆತ್ತಿದ ದಿನ ಆಕೆ ಹತ್ತಿರ ಹೋಗಿ ನೋಡಿದಳು. ಹೊಟ್ಟೆಯ ಕೆಳಗೆ ಒಂದು ಬೆಸುಗೆಯ ಗೆರೆ ತುಕ್ಕು ತಿಂದು ಜಾಳಾಗಿತ್ತು. ಬೆರಳಿಟ್ಟು ಒತ್ತಿದರೆ ಪುಡಿ ಉದುರಿತು. ಜವರಮ್ಮ, "ಇಷ್ಟೇಯಾ ಅಮ್ಮೋರೆ?" ಎಂದಳು. ಆಕೆ ತಲೆಯಾಡಿಸಿದಳು. ಒಮ್ಮೆಗೆ ಪೂರ್ತಿ ಲೋಡು ಬೇಡವೆಂದು, ಟ್ಯಾಂಕರಿನ ಒಂದು ಕಂಪಾರ್ಟ್‌ಮೆಂಟು ತನಗೆ, ಉಳಿದದ್ದು ಬೇರೆ ಬಂಕಿಗೆ ಎಂದು ಕಂಪನಿಯವರನ್ನು ಕಾಡಿ ಒಪ್ಪಿಸಿದಳು.

ಸಂಕ್ರಾಂತಿ ಕಳೆದ ಮೇಲೆ ಬಂಕು ತೆರೆಯಿತು. ಪೆಟ್ರೋಲಿಗೆ ಯಾರೂ ಬರಲಿಲ್ಲ. ಟ್ರ್ಯಾಕ್ಟರಿನವರು ಡೀಸೆಲ್ಲಿಗೆ ಬಂದರು, ಬೈಕಿನವರು ತಲೆ ತಗ್ಗಿಸಿಕೊಂಡು ಮುಂದಕ್ಕೆ ಹೋದರು. ಗುರುಬಸಮ್ಮ ಯಾರನ್ನೂ ಕರೆಯಲಿಲ್ಲ. ದಿನಾ ಬೆಳಗ್ಗೆ ಹೊಸ ಟ್ಯಾಂಕಿನ ತಳದಿಂದ ಒಂದು ಗಾಜಿನ ಸೀಸೆ ತುಂಬ ಪೆಟ್ರೋಲು ಎತ್ತಿಸಿ, ಬಿರಡೆ ಬಿಗಿದು, ರಸ್ತೆಗೆ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಸಂಜೆ ಅದನ್ನು ಟ್ಯಾಂಕಿಗೆ ವಾಪಸು ಸುರಿಸುತ್ತಿದ್ದಳು.

ಮೊದಲು ಬಂದು ಸೀಸೆ ನೋಡಿದವನು ಶಿವರಾಜು.

ವ್ಯಾನನ್ನು ರಸ್ತೆಯಲ್ಲೇ ನಿಲ್ಲಿಸಿ, ಇಳಿದು ಬಂದು, ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದ. ತಲೆಕೆಳಗು ಮಾಡಿ ಅಲ್ಲಾಡಿಸಿದ. ಪದರ ಬಿಡುತ್ತದೆಯೋ ಎಂದು ಕಾದು ನೋಡಿದ. ಮತ್ತೆ ಕಟ್ಟೆಯ ಮೇಲಿಟ್ಟು ಹೋದ. ನಂಜನಗೂಡಿನಲ್ಲೇ ಹಾಕಿಸಿಕೊಂಡ. ಮರುದಿನವೂ ಬಂದ, ನೋಡಿದ, ಹೋದ. ಜವರಮ್ಮನಿಗೆ ಮೈಯುರಿಯಿತು.

"ಏನ್ ಅಮ್ಮೋರೆ ಇವ್ನು, ದಿನಾ ಬಂದು ಹೆಣ್ ನೋಡ್ದಂಗ್ ನೋಡ್ಬುಟ್ಟು ಓಯ್ತಾನೆ! ಒಂದಿನ ಬೋದು ಕಳುಸ್ಲಾ?"

"ಸುಮ್ಕಿರು," ಎಂದಳು ಗುರುಬಸಮ್ಮ. "ಅವ್ನು ನೋಡ್ಲಿ ಅಂತ್ಲೇ ಮಡಗಿರೋದು."

ಶಿವರಾಜು ನೋಡುವುದನ್ನು ಬೇರೆಯವರು ನೋಡಿದರು. ಒಬ್ಬೊಬ್ಬರಾಗಿ ತಾವೂ ಸೀಸೆ ಎತ್ತಿ ಅಲ್ಲಾಡಿಸಿದರು. ವ್ಯಾಸರಾಜರು ಬಂದು ಸ್ಕೂಟರಿಗೆ ತುಂಬಿಸಿಕೊಂಡರು. ಅವರ ಹಿಂದೆ ಶಾಲೆಯ ಮೇಷ್ಟರು, ಹಾಲಿನ ಡೇರಿಯವನು. ಬೇಸಿಗೆ ಹೋಯಿತು. ಮತ್ತೆ ನಾಲೆಗೆ ನೀರು ಬಿಟ್ಟರು. ಆಷಾಢದ ಮಳೆಯಲ್ಲಿ ಗುರುಬಸಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಾಗುವುದನ್ನೇ ಕಾದು ಬಂದು ಸೀಸೆ ತುಂಬಿಸುತ್ತಿದ್ದಳು. ಅದು ತಿಳಿಯಾಗಿಯೇ ಇತ್ತು.

ಅಂಥ ಒಂದು ಮಳೆಯ ಬೆಳಗ್ಗೆ ಶಿವರಾಜು ವ್ಯಾನನ್ನು ರಸ್ತೆಯಲ್ಲಿ ನಿಲ್ಲಿಸದೆ ನೇರ ಪಂಪಿನ ಬಳಿಗೇ ತಂದ. ಸೀಸೆಯ ಕಡೆ ಹೋಗಲಿಲ್ಲ.

"ದಿನಾ ನೋಡಿ ನೋಡಿ ಸಾಕಾಯ್ತು," ಎಂದ, ಗುರುಬಸಮ್ಮನ ಮುಖ ನೋಡದೆ. "ಐದು ಲೀಟ್ರು ಆಕುಸಿ ಅಮ್ಮೋರೆ."

ಜವರಮ್ಮ ಏನೋ ಹೇಳಲು ಬಾಯಿ ತೆರೆದಳು. ಗುರುಬಸಮ್ಮ ಕಣ್ಣಲ್ಲೇ ತಡೆದಳು.

ಮುಂದಿನ ಸಲ ಹತ್ತು ಲೀಟರು. ಗೌರಿಹಬ್ಬಕ್ಕೆ ತವರಿಗೆ ಬಂದಿದ್ದ ನಯನಳನ್ನು ಹೆಮ್ಮರಗಾಲಕ್ಕೆ ಬಿಡಲು ಹೊರಟಾಗ, ವ್ಯಾನಿನಲ್ಲಿ ಎಲ್ಲರೂ ಇದ್ದರು. ಪುಟ್ಟಮಾದಮ್ಮ ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ನಯನ ಮಗಳನ್ನು ಎತ್ತಿಕೊಂಡು ಕೆಳಗಿಳಿದಳು. ಒಂದು ವರ್ಷ ತುಂಬಿದ್ದ ಮಗು, ಕಣ್ಣಿಗೆ ಢಾಳಾಗಿ ಕಾಡಿಗೆ.

"ಎತ್ಕೋತೀರಾ ಅಮ್ಮೋರೆ?" ಎಂದಳು ನಯನ.

ಗುರುಬಸಮ್ಮ ಕೈಯೊರೆಸಿಕೊಂಡು ಎತ್ತಿಕೊಂಡಳು. ಮಗು ಆಕೆಯ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿ ನೋಡಿತು. ಆಮೇಲೆ ಪೆಟ್ರೋಲಿನ ವಾಸನೆಗೋ ಹೊಸ ಮುಖಕ್ಕೋ, ದವಡೆ ಬಿರಿಯುವಂತೆ ಅಳತೊಡಗಿತು. ಬಂಕಿನ ತಗಡು ಚಾವಣಿಯೆಲ್ಲ ಮೊಳಗಿತು.

"ಅಯ್ಯೋ, ಏನ್ ಗಂಟ್ಲು ಇದ್ರುದ್ದು!" ಎಂದು ಜವರಮ್ಮ ನಕ್ಕಳು.

"ಅಳ್ಲಿ ಬುಡು," ಎಂದಳು ಪುಟ್ಟಮಾದಮ್ಮ ವ್ಯಾನಿನೊಳಗಿಂದ. ಆ ದಿನದ ಆಸ್ಪತ್ರೆಯ ಬೆಂಚಿನ ನಂತರ ಆಕೆ ಗುರುಬಸಮ್ಮನ ಎದುರು ಆಡಿದ ಮೊದಲ ಮಾತು ಅದು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನಿಮ್ ಗಂಜಿ ಫ್ಲಾಸ್ಕು ನಮ್ಮನೇಲೇ ಅದೆ. ಶಿವರಾಜನ ಕೈಲಿ ಕೊಟ್ ಕಳುಸ್ತೀನಿ."

"ಇರ್ಲಿ ಕಣಕ್ಕ," ಎಂದಳು ಗುರುಬಸಮ್ಮ, ಅಳುವ ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತ. "ನಾನೇ ಒಂದಿನ ಬಂದು ಈಸ್ಕತೀನಿ."

"ಅಂಗಾರೆ ಊಟದ್ ಒತ್ಗೆ ಬನ್ನಿ," ಎಂದು ಪುಟ್ಟಮಾದಮ್ಮ ಕಿಟಕಿಯ ಗಾಜು ಏರಿಸಿಕೊಂಡಳು. ಮತ್ತೆ ಮಳೆ ಹನಿಯತೊಡಗಿತ್ತು.